ಬಿಸಿ ಇಂಜಿನ್ ತೋರಿಸಿ ಮಾರೋ ಹಳೇ ಎಸ್‌ಯುವಿ ಬಗ್ಗೆ ಎಚ್ಚರ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯವರು ಯಾರಾದ್ರೂ ಈಗ ಹಳೇ ಡೀಸೆಲ್ ಎಸ್‌ಯುವಿ ನೋಡ್ತಾ ಇದ್ರೆ, ದಯವಿಟ್ಟು ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಪೂರ್ತಿ ಓದಿ. ನಾನು ತಗೊಂಡಿದ್ದು 2012ರ ಏಳು ಸೀಟಿನ ಗಾಡಿ, 4,65,000 ರೂಪಾಯಿಗೆ. ಇಲ್ಲಿವರೆಗೆ ಅದಕ್ಕೆ ಸುರಿದಿದ್ದು 2,53,500. ಕೊಂಡ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಕಂಪನಿ ಹೆಸರು ಬರೀತಿಲ್ಲ. ಘಾಟಿ ಹತ್ತಿಳಿದು, ತೋಟದ ಕೆಸರಲ್ಲಿ ವರ್ಷಗಟ್ಟಲೆ ದುಡಿದ ಯಾವ ಡೀಸೆಲ್ ಗಾಡಿಗೂ ಈ ತೊಂದರೆಗಳು ಬರ್ತವೆ.

ಮಾರಿದ್ದು ಹಾಸನದ ಕಡೆಯ ಒಬ್ಬ ಬ್ರೋಕರ್. 'ಸಿಂಗಲ್ ಓನರ್, ಪ್ಲಾಂಟರ್ ಗಾಡಿ, ಒಂದು ರೂಪಾಯಿ ಕೆಲಸ ಇಲ್ಲ' ಅಂದ. ನಾವು ಹೋಗೋ ಹೊತ್ತಿಗೆ ಇಂಜಿನ್ ತೊಳೆದು ಪಾಲಿಶ್ ಹೊಡೆದಿದ್ರು, ಬಾನೆಟ್ ಮುಟ್ಟಿದ್ರೆ ಬಿಸಿ. 'ಈಗಷ್ಟೇ ವಾಶ್ ಮಾಡಿಸ್ಕೊಂಡು ಬಂದ್ವಿ' ಅನ್ನೋ ಉತ್ತರ. ಟ್ರಯಲ್ ಕೊಟ್ಟಿದ್ದು ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಲಿ. ಅಷ್ಟು ಅಗಲವಾದ, ಮಟ್ಟಸವಾದ ರಸ್ತೆಲಿ ಯಾವ ಗಾಡಿ ತಾನೇ ಓಡಲ್ಲ? ಮೋಸದ ಮೂಲ ಇರೋದೇ ಇಲ್ಲಿ. ಇಂಜಿನ್ ಬಿಸಿ ಇದ್ರೆ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಭಾಗ) ತೊಂದರೆ ಕಾಣಲ್ಲ, ಸ್ಟಾರ್ಟಿಂಗ್ ತೊಂದರೆ ಕಾಣಲ್ಲ, ಬೆಳಗಿನ ಹೊಗೆ ಕಾಣಲ್ಲ. ಏರು ಇಲ್ಲದಿದ್ರೆ ಕ್ಲಚ್, ಟರ್ಬೊ (ಇಂಜಿನ್ನಿಗೆ ಜಾಸ್ತಿ ಗಾಳಿ ತಳ್ಳೋ ಭಾಗ), ಕೂಲಿಂಗ್ ಮೂರರ ಬಣ್ಣವೂ ಬಯಲಾಗಲ್ಲ.

ನಮ್ಮದು ಬಯಲಾಗಿದ್ದು ಚಾರ್ಮಾಡಿಲಿ. ಧರ್ಮಸ್ಥಳದಿಂದ ವಾಪಸ್ ಬರ್ತಾ, ಅರ್ಧ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ನೋಡ್ತಾ ನೋಡ್ತಾ ಕೆಂಪಿಗೆ ಏರ್ತು. ಹಿಂದೆ ಸೀಟಲ್ಲಿ ಅಮ್ಮ, ಮಕ್ಕಳು. ಮಳೆ, ಮಂಜು, ಎದುರಿಗೆ ತಿರುವು. ಟೋಯಿಂಗ್ ಗಾಡಿ ಬಂದು ಕೊಟ್ಟಿಗೆಹಾರ ಮುಟ್ಟೋ ಹೊತ್ತಿಗೆ ಕತ್ತಲಾಗಿತ್ತು. ದುಡ್ಡಿನ ವಿಷಯ ಆಮೇಲೆ, ಆ ಜಾಗದಲ್ಲಿ ಮನೆಯವರನ್ನ ಇಟ್ಕೊಂಡು ನಿಲ್ಲೋ ಭಯ ಯಾರಿಗೂ ಬೇಡ.

ಮೆಕ್ಯಾನಿಕ್ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಇಳಿಸಿದಾಗ, ಅದರಡಿ ಸೀಲ್ ಆಗಿ ಕೂರೋ ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಸುಟ್ಟು ಹೋಗಿತ್ತು, ಹೆಡ್ ಬೆಂಡ್. ರೇಡಿಯೇಟರ್ ಬಿಚ್ಚಿದ್ರೆ ಟ್ಯೂಬುಗಳ ಒಳಗೆಲ್ಲ ಕಂದು ಬಣ್ಣದ ಗಸಿ. ಸೋರಿಕೆ ಮುಚ್ಚೋಕೆ ಅಂತ ಸಿಗೋ ಪೌಡರ್ ಸುರಿದಿದ್ರು. ಅದು ಸ್ವಲ್ಪ ದಿನ ಲೀಕ್ ನಿಲ್ಲಿಸುತ್ತೆ, ಜೊತೆಗೆ ನೀರು ಹರಿಯೋ ದಾರಿಯನ್ನೂ ಕಟ್ಟುತ್ತೆ. ಲೇಥಲ್ಲಿ ಹೆಡ್ ಫೇಸಿಂಗ್, ಪ್ರೆಶರ್ ಟೆಸ್ಟ್, ಹೊಸ ಗ್ಯಾಸ್ಕೆಟ್ ಸೆಟ್, ಬೋಲ್ಟು, ವಾಟರ್ ಪಂಪ್, ರೇಡಿಯೇಟರ್, ಕೂಲಿ ಎಲ್ಲ ಸೇರಿ 46,500.

ಇದನ್ನ ಮುಂಚೆನೇ ಹಿಡಿಯೋ ದಾರಿ ಇದೆ. ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತಿದ್ದಾಗ ಹೋಗಿ. ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲೆಂಟ್ ಬಣ್ಣ ಸ್ಪಷ್ಟವಾಗಿರಬೇಕು, ಮೇಲೆ ಎಣ್ಣೆ ತೇಲಬಾರದು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ, ಇಂಜಿನ್ ಇನ್ನೂ ಬಿಸಿಯಾಗದೆ ಮೇಲಿನ ಹೋಸ್ ಗಟ್ಟಿಯಾದ್ರೆ, ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ತಿದೆ ಅಂತ ಅರ್ಥ.

ಹೆಡ್ ಕೂತ ಮೇಲೆ ಉಳಿದವು ಒಂದೊಂದಾಗಿ ಎದ್ವು. ತಣ್ಣನೆ ಬೆಳಿಗ್ಗೆ ಗಾಡಿ ನಡುಗ್ತಿತ್ತು. ನಾಜಲ್‌ಗಳ ರಿಟರ್ನ್ ಟೆಸ್ಟ್ (ಪ್ರತಿ ನಾಜಲ್ಲಿಂದ ವಾಪಸ್ ಹೋಗೋ ಡೀಸೆಲ್ ಅಳೆಯೋದು) ಮಾಡಿಸಿದಾಗ ಎರಡು ಪೂರ್ತಿ ಹೋಗಿದ್ವು, ಇನ್ನೆರಡನ್ನ ಸರ್ವೀಸ್ ಮಾಡಿಸಿದ್ವಿ: 44,000. ಆಮೇಲೆ ಟರ್ಬೊ. ಏರಲ್ಲಿ ಪಿಕಪ್ ಇಲ್ಲ, ನೀಲಿ ಹೊಗೆ, ಇಂಟರ್‌ಕೂಲರ್ ಪೈಪ್ ಬಿಚ್ಚಿದ್ರೆ ಒಳಗೆ ಆಯಿಲ್ ನಿಂತಿತ್ತು. ಒಳಗಿನ ಕೋರ್ ಮಾತ್ರ ಬದಲಾಯಿಸಿ 28,000ಕ್ಕೆ ಮುಗೀತು. ಟರ್ಬೊ ಸೀಲ್ ಹೋದ ಗಾಡಿನ 'ನಡೀತದೆ ಬಿಡಿ' ಅಂತ ಓಡಿಸಬೇಡಿ. ಸೋರಿದ ಆಯಿಲನ್ನೇ ಇಂಜಿನ್ ಇಂಧನದ ಹಾಗೆ ಉರಿಸೋಕೆ ಶುರು ಮಾಡಿದ್ರೆ ರೇಸ್ ತಾನಾಗೇ ಏರುತ್ತೆ, ಕೀ ತೆಗೆದ್ರೂ ನಿಲ್ಲಲ್ಲ. ಮ್ಯಾನುವಲ್ ಗಾಡಿ ಆದ್ರೆ ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡ್ಬೇಕು. ಡೀಸೆಲ್ ಗಾಡಿ ಇರೋರೆಲ್ಲ ಇದನ್ನ ನೆನಪಲ್ಲಿಡಿ.

ಕ್ಲಚ್‌ಗೆ 52,000. ಪ್ಲೇಟ್ ಮಾತ್ರ ಆಗಿದ್ರೆ ಇಷ್ಟಾಗ್ತಿರಲಿಲ್ಲ. ನನ್ನ ಗಾಡಿಲಿ ಇರೋದು ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ ನಡುಕ ತಡೆಯೋ, ಎರಡು ಭಾಗದ ಭಾರದ ಚಕ್ರ), ಅದೂ ಹೋಗಿತ್ತು. ಇಂಜಿನ್ ಆಫ್ ಮಾಡುವಾಗ ಕೆಳಗಿಂದ ಲಟಲಟ ಸದ್ದು ಬಂದ್ರೆ ಅನುಮಾನ ಪಡಿ. ಕ್ಲಚ್ ನೋಡೋಕೆ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಏರು ಸಾಕು. ದೊಡ್ಡ ಗೇರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ. ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಸೇರಿ 31,000. ನಮ್ಮ ರಸ್ತೆಗಳಿಗೆ ಇದು ಹೇಗೂ ಬರೋ ಖರ್ಚು.

ನನಗೆ ಹೆಚ್ಚು ಸಿಟ್ಟು ಬಂದಿದ್ದು ತುಕ್ಕಿನ ವಿಷಯದಲ್ಲಿ. ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ರು. ಒಂದು ದಿನ ಮೂರನೇ ಸಾಲಿನ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದೆ. ಅಡಿಯಲ್ಲಿ ರಸಗೊಬ್ಬರದ ಬಿಳಿ ಹರಳು, ಒದ್ದೆ ಮಣ್ಣು, ಅದರ ಕೆಳಗಿನ ತಗಡು ಬೆರಳಲ್ಲಿ ಒತ್ತಿದ್ರೆ ಪದರ ಪದರವಾಗಿ ಉದುರ್ತು. ವರ್ಷಗಟ್ಟಲೆ ತೋಟಕ್ಕೆ ಗೊಬ್ಬರದ ಚೀಲ ಹೊತ್ತ ಗಾಡಿ ಅದು. ರಸಗೊಬ್ಬರದ ಉಪ್ಪು ಮಲೆನಾಡಿನ ತೇವದ ಜೊತೆ ಸೇರಿದ್ರೆ ಕಬ್ಬಿಣ ಉಳಿಯಲ್ಲ. ಚಾಸಿಯ ಹಿಂಭಾಗದಲ್ಲಿ, ಸ್ಪ್ರಿಂಗ್ ಕೂರೋ ಜಾಗದ ಹತ್ತಿರ, ಕೋಟಿಂಗ್ ಕೆರೆದಾಗ ತೂತು. ವೆಲ್ಡಿಂಗಿಗೆ 14,000 ಆಯ್ತು. ಗಾಡಿನ ಲಿಫ್ಟಿಗೆ ಏರಿಸದೆ, ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿ ಉದ್ದಕ್ಕೂ ತಟ್ಟಿ ನೋಡದೆ ದುಡ್ಡು ಕೊಡಬೇಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತೆ. ಹೊಳೆಯೋ ಹೊಸ ಕೋಟಿಂಗ್ ಕಂಡ್ರೆ ಇನ್ನೂ ಜಾಸ್ತಿ ತಟ್ಟಿ.

ಟೈರ್ ನಾಲ್ಕೂ ಕಪ್ಪಗೆ ಮಿಂಚ್ತಿದ್ವು. ಪಕ್ಕದಲ್ಲಿರೋ ನಾಲ್ಕಂಕಿ ಓದಿ: 2316 ಅಂದ್ರೆ 2016ರ 23ನೇ ವಾರ. ರಬ್ಬರ್ ಬಿರುಕು ಬಿಟ್ಟಿತ್ತು, ಹೊಸ ಸೆಟ್ 38,000. ಮೀಟರ್ 88,000 ಕಿ.ಮೀ. ತೋರಿಸ್ತಿತ್ತು, ಸರ್ವೀಸ್ ಸೆಂಟರಲ್ಲಿ ನಂಬರ್ ಕೊಟ್ಟು ಹಳೇ ದಾಖಲೆ ತೆಗೆಸಿದಾಗ 2019ರಲ್ಲೇ 1,46,000 ದಾಟಿತ್ತು. ಬ್ರೋಕರ್‌ಗೆ ಫೋನ್ ಮಾಡಿದ್ರೆ 'ಇದ್ದ ಹಾಗೇ ಕೊಟ್ಟಿದ್ದು ಸಾರ್' ಅಂತ ಕಟ್ ಮಾಡಿದ. ಆದ್ದರಿಂದ ಕಿಲೋಮೀಟರ್, ಅಪಘಾತ, ಇಂಜಿನ್ ಕೆಲಸ ಈ ಮೂರನ್ನೂ ಬರವಣಿಗೆಯಲ್ಲಿ ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದ್ರೆ ಕಾರಣ ನಿಮಗೇ ಗೊತ್ತಾಗುತ್ತೆ.

ಕಾಗದದ ಕಡೆ ಇನ್ನೆರಡು ಮಾತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರಿನ ನವೀಕರಣ ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. ನನ್ನ ಗಾಡಿಗೆ 2027ರಲ್ಲಿ ತಪಾಸಣೆ ಇದೆ, ಚಾಸಿ ವೆಲ್ಡಿಂಗ್ ನೋಡಿ ಏನಂತಾರೋ ಅನ್ನೋ ಚಿಂತೆ ಈಗಲೇ ಶುರುವಾಗಿದೆ. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ನಮೂದಾಗಿದ್ರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಅನ್ನೋ ಪತ್ರ) ಮತ್ತು ಸಾಲದ ನಮೂದು ತೆಗೆಸೋ ಫಾರಂ 35 ಕೈಗೆ ಬಂದ ಮೇಲೇ ಮಾತು ಮುಂದುವರಿಸಿ. ವಿಮೆಯನ್ನ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ, ಇಲ್ಲಾಂದ್ರೆ ನಿಮ್ಮ ಗಾಡಿಗೆ ಆದ ಹಾನಿಗೆ ಕ್ಲೈಮ್ ಸಿಗೋದು ಕಷ್ಟ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗಿ, ಆರ್‌ಟಿಒದಲ್ಲಿ ನಿಮ್ಮ ಹೆಸರು ಕೂರೋವರೆಗೆ ಒಂದಷ್ಟು ಹಣ ನಿಮ್ಮ ಕೈಯಲ್ಲೇ ಉಳಿಸಿಕೊಳ್ಳಿ.