ವಿಜಯಪುರದ ರಸ್ತೆಗಳಲ್ಲಿ ಓಡುವ ಇವಿ ಕಾರಿಗೆ ಎಷ್ಟು ಪಿಪಿಎಫ್ ಸಾಕು? ಎರಡು ಬೇಸಿಗೆಗಳ ನಂತರದ ವಿಮರ್ಶೆ

2024ರ ದೀಪಾವಳಿಯ ಹೊತ್ತಿಗೆ ಕೊಂಡ ನಮ್ಮ ಟಾಟಾ ಪಂಚ್ ಇವಿ (ವಿದ್ಯುತ್) ಕಾರಿಗೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಅಂಗಡಿಗಳಲ್ಲಿ ಪಿಪಿಎಫ್ ಎಂದು ಕರೆಯುವ ಪಾರದರ್ಶಕ ಹಾಳೆಯನ್ನು, ಮುಂಭಾಗಕ್ಕೆ ಮತ್ತು ಆಯ್ದ ಕೆಲವು ಜಾಗಗಳಿಗೆ ಮಾತ್ರ ಹಾಕಿಸಿದ್ದೆ. ಎರಡು ಬೇಸಿಗೆ ಹಾಗೂ ಎರಡು ಕಬ್ಬಿನ ಹಂಗಾಮು ಕಳೆದಿರುವುದರಿಂದ ಆ ಹಾಳೆ ಎಲ್ಲಿ ಕೆಲಸಕ್ಕೆ ಬಂತು, ಎಲ್ಲಿ ಬರಲಿಲ್ಲ ಎಂಬುದನ್ನು ಈಗ ಖಚಿತವಾಗಿ ಹೇಳಬಹುದು. ಕಾರು ಇರುವುದು ವಿಜಯಪುರದಲ್ಲಿ. ಊರೊಳಗಿನ ಓಡಾಟದ ಜೊತೆಗೆ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆಗೆ, ಆಗಾಗ ಸೊಲ್ಲಾಪುರಕ್ಕೆ ಹೋಗಿಬರುವುದು ಅದರ ಮುಖ್ಯ ಕೆಲಸ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಿಗೆ ಹೊಂದುವ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಇಷ್ಟನ್ನು ಮೊದಲೇ ಹೇಳಿದೆ.

ಇಡೀ ಕಾರಿಗೆ ಹಾಕಿಸಲು ನನಗೆ ಹೇಳಿದ ದರ ಸುಮಾರು 90,000 ರೂಪಾಯಿ. ನಾನು ಆಯ್ದುಕೊಂಡ ಭಾಗಗಳಿಗೆ ತೆರಿಗೆ ಸೇರಿ 36,000 ರೂಪಾಯಿ ಬಿತ್ತು. "ಸರ್, ಫುಲ್ ಬಾಡಿ ಹಾಕಿಸ್ಬಿಡ್ರಿ, ಮುಂದ ಚಿಂತೀನ ಇರಂಗಿಲ್ಲ" ಎಂದು ಅಂಗಡಿಯವರು ಒತ್ತಾಯಿಸಿದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಚಿಂತೆ ಎಲ್ಲಿಂದ ಬರುತ್ತದೆ ಎಂದು ನೋಡದೆ ಅದಕ್ಕೆ ಬೆಲೆ ಕಟ್ಟುವುದು ನನಗೆ ಸರಿ ಕಾಣಲಿಲ್ಲ.

ಈ ಹಾಳೆಯ ಗುಣವನ್ನು ತಿಳಿದರೆ ಅರ್ಧ ನಿರ್ಧಾರ ತಾನಾಗಿಯೇ ಆಗುತ್ತದೆ. ಕಾರ್ಖಾನೆಯಿಂದ ಬರುವ ಕಾರಿನ ಬಣ್ಣ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ದಪ್ಪವಿರುತ್ತದೆ. ಅದರಲ್ಲಿ ಹೊಳಪು ಕೊಡುವ ಮೇಲಿನ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ಮಾತ್ರ. ಒಳ್ಳೆಯ ಪಿಪಿಎಫ್ ಹಾಳೆಯ ದಪ್ಪವೇ 150ರಿಂದ 200 ಮೈಕ್ರಾನ್; ಎಂದರೆ ಹಾಳೆಯು ತಾನು ಕಾಯುವ ಬಣ್ಣಕ್ಕಿಂತ ದಪ್ಪ. ಟಿಪಿಯು ಎಂಬ ಹಿಗ್ಗುವ ಪಾಲಿಯುರೆಥೇನ್‌ನಿಂದ ಅದನ್ನು ಮಾಡಿರುವುದರಿಂದ ಕಲ್ಲು ತಾಗಿದಾಗ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಇದೇ ಬಗೆಯ ಹಾಳೆಯನ್ನು ಮೊದಲು ಬಳಸಿದ್ದು ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳು ಮತ್ತು ಕಲ್ಲಿನ ಚೂರುಗಳಿಂದ ಕಾಪಾಡಲು. ಸೆರಾಮಿಕ್ ಕೋಟಿಂಗ್ ಬೇರೆಯೇ ವಸ್ತು. ಅದು ಒಂದೆರಡು ಮೈಕ್ರಾನಿನ ಲೇಪ; ನೀರು ನಿಲ್ಲದಂತೆ, ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆಯೇ ಹೊರತು ಟಿಪ್ಪರಿನ ಚಕ್ರದಿಂದ ಸಿಡಿದ ಖಡಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. "ಪಿಪಿಎಫ್ ಬದಲು ಸೆರಾಮಿಕ್ ಸಾಕು" ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ, ಯಾವ ತೊಂದರೆಗೆ ಎಂದು ಮರಳಿ ಕೇಳಬೇಕು.

ಎಲ್ಲೆಲ್ಲಿ ಹಾಕಿಸಬೇಕು ಎಂಬುದನ್ನು ನಾನು ಕಂಪನಿಯ ಪುಸ್ತಿಕೆಯಿಂದ ತೀರ್ಮಾನಿಸಲಿಲ್ಲ. ಇದೇ ರಸ್ತೆಗಳಲ್ಲಿ ಹಲವು ವರ್ಷ ಓಡಿದ ನಮ್ಮ ಹಳೆಯ ಪೆಟ್ರೋಲ್ ಕಾರು ಮನೆಯಲ್ಲಿಯೇ ಇತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ಅದನ್ನು ನಿಲ್ಲಿಸಿ ಸುತ್ತ ಕುಳಿತು ನೋಡಿದರೆ ಎಲ್ಲ ಗುರುತುಗಳೂ ಕಾಣುತ್ತಿದ್ದವು. ಬಂಪರಿನ ಕೆಳಭಾಗದಲ್ಲಿ ಮತ್ತು ಬಾನೆಟ್ಟಿನ ಮುಂಚೂಣಿಯ ಒಂದು ಗೇಣಿನಷ್ಟು ಅಗಲದಲ್ಲಿ ಕಲ್ಲೇಟಿನ ಚುಕ್ಕೆಗಳು ಒತ್ತೊತ್ತಾಗಿದ್ದವು. ಅಲ್ಲಿಂದ ಮೇಲೆ ಹೋದಂತೆ ಅವು ವಿರಳವಾಗಿ, ಮುಂಗಾಜಿನ ಮೇಲಂಚಿನ ಬಳಿ, ಛಾವಣಿಯ ತುದಿಯಲ್ಲಿ ಮತ್ತೆ ಕೆಲವು ಇದ್ದವು. ಮುಂದಿನ ಚಕ್ರಗಳ ಹಿಂದೆ, ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಬಣ್ಣ ಮರಳುಕಾಗದ ತಿಕ್ಕಿದಂತಾಗಿತ್ತು. ಹಿಡಿಕೆಯ ಕೆಳಗಿನ ಗುಳಿಯಲ್ಲಿ ಉಗುರು ಮತ್ತು ಉಂಗುರದ ಗೀರುಗಳು, ಡಿಕ್ಕಿಯ ಹೊಸ್ತಿಲಲ್ಲಿ ಚೀಲ ಎಳೆದ ಗೀರುಗಳು. ಬಾಗಿಲುಗಳ ನಡುಭಾಗದಲ್ಲಿ, ಹಿಂದಿನ ಫೆಂಡರಿನಲ್ಲಿ ಕಲ್ಲೇಟು ಇರಲೇ ಇಲ್ಲ. ಅಲ್ಲಿದ್ದದ್ದು ಗಾಂಧಿ ಚೌಕದ ದಟ್ಟಣೆಯಲ್ಲಿ ಬೈಕುಗಳ ಹ್ಯಾಂಡಲ್ ತಾಗಿ ಆದ ಎರಡು ನೆಗ್ಗು ಮತ್ತು ಒಣ ಬಟ್ಟೆಯಿಂದ ಒರೆಸಿ ಒರೆಸಿ ಬಂದ ಸುರುಳಿ ಗೆರೆಗಳು. ನೆಗ್ಗನ್ನು ಯಾವ ಹಾಳೆಯೂ ತಡೆಯುವುದಿಲ್ಲ. ಸುರುಳಿ ಗೆರೆಗಳನ್ನು ಹಾಳೆ ತಡೆಯಬಲ್ಲದು, ಆದರೆ ಒಂದು ಬಕೆಟ್ ನೀರು ಮತ್ತು ಸ್ವಲ್ಪ ತಾಳ್ಮೆ ಕೂಡ ತಡೆಯಬಲ್ಲವು.

ಇವಿ ಎಂಬ ಕಾರಣಕ್ಕೆ ಈ ಲೆಕ್ಕದಲ್ಲಿ ಕೆಲವು ಬದಲಾವಣೆ ಮಾಡಿಕೊಳ್ಳಬೇಕಾಯಿತು. ಪೆಟ್ರೋಲ್ ಕಾರಿನಲ್ಲಿ ಗಾಳಿಯಾಡುವ ಜಾಲರಿ ಇರುವ ಕಡೆ ಇದರಲ್ಲಿ ಮುಚ್ಚಿದ ಮೂತಿ ಇರುವುದರಿಂದ ಕಲ್ಲಿಗೆ ಎದುರಾಗುವ ಬಣ್ಣದ ಮೈ ಹೆಚ್ಚು. ಪಂಚ್ ಇವಿಯಲ್ಲಿ ಚಾರ್ಜಿಂಗ್ ಬಾಯಿಯೂ ಮೂತಿಯಲ್ಲಿಯೇ ಇದೆ. ಪ್ರತಿ ಸಲ ಚಾರ್ಜರಿನ ಗನ್ ಸಿಕ್ಕಿಸುವಾಗ, ತೆಗೆಯುವಾಗ ದಪ್ಪ ಕೇಬಲ್ ಬಂಪರಿಗೆ ತಾಗುತ್ತದೆ. ಹೆದ್ದಾರಿ ಬದಿಯ ಚಾರ್ಜರುಗಳ ಕೇಬಲ್ ನೆಲದ ಮೇಲೆ ಬಿದ್ದು ಹೊರಳಿರುವುದರಿಂದ ಅದಕ್ಕೆ ಗರಸು ಅಂಟಿಕೊಂಡೇ ಇರುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಪೂರ್ತಿ ಬಲ ಚಕ್ರಕ್ಕೆ ಬರುವುದರಿಂದ, ಮಣ್ಣಿನ ಅಂಚಿನಿಂದ ರಸ್ತೆಗೆ ಏರುವಾಗ ಮುಂದಿನ ಚಕ್ರಗಳು ಹರಳುಗಳನ್ನು ಹಿಂದಕ್ಕೆ ಎಸೆಯುವುದೂ ಹೆಚ್ಚು. ಹಾಳೆಯ ಭಾರದಿಂದ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಕಡಿಮೆಯಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಷ್ಟು ಗಾತ್ರದ ಕಾರನ್ನು ಪೂರ್ತಿ ಮುಚ್ಚಿದರೂ ಹಾಳೆಯ ತೂಕ ಐದಾರು ಕಿಲೋ ದಾಟುವುದಿಲ್ಲ. ಡಿಕ್ಕಿಯಲ್ಲಿ ಮರೆತ ಜೋಳದ ಹಿಟ್ಟಿನ ಡಬ್ಬಿ ಅದಕ್ಕಿಂತ ಭಾರವಿದ್ದೀತು.

ಹೀಗೆ ನೋಡಿ ಮುಂದಿನ ಬಂಪರ್ ಪೂರ್ತಿ, ಚಾರ್ಜಿಂಗ್ ಮುಚ್ಚಳ, ಬಾನೆಟ್ ಪೂರ್ತಿ, ಹೆಡ್‌ಲೈಟಿನ ಗಾಜುಗಳು, ಕನ್ನಡಿಗಳ ಹಿಂಬದಿ, ಬಾಗಿಲ ಕೆಳಗಿನ ಪಟ್ಟಿಗಳು, ಹಿಡಿಕೆಯ ಗುಳಿಗಳು ಮತ್ತು ಡಿಕ್ಕಿಯ ಹೊಸ್ತಿಲು ಎಂದು ತೀರ್ಮಾನಿಸಿದೆ. ಬಾನೆಟ್ಟಿಗೆ ಮುಂದಿನ ಒಂದು ಅಡಿಯಷ್ಟೇ ಹಾಕುವ ಅಗ್ಗದ ಕ್ರಮವೂ ಉಂಟು. ಅದರಲ್ಲಿ ಬಾನೆಟ್ಟಿನ ಅಡ್ಡಕ್ಕೆ ಹಾಳೆಯ ಅಂಚು ಹಾಯುತ್ತದೆ, ನಮ್ಮ ಎರೆಮಣ್ಣಿನ ಧೂಳು ಆ ಅಂಚಿಗೆ ಕೂತು ಕಪ್ಪು ಗೆರೆಯಾಗುತ್ತದೆ. ಪರಿಚಯದವರ ಬಿಳಿ ಕಾರಿನಲ್ಲಿ ಆ ಗೆರೆಯನ್ನು ನೋಡಿದ ಮೇಲೆ ನಾನು ಪೂರ್ತಿ ಬಾನೆಟ್ಟಿಗೇ ಹಣ ಕೊಟ್ಟೆ.

ಉಳಿದ ಭಾಗ ಬಿಡುವುದಕ್ಕೆ ನನಗಿದ್ದ ಕಾರಣ ಸರಳ ಗಣಿತ. ನಮ್ಮ ಕಡೆ ಒಂದು ಬಾಗಿಲಿಗೆ ಸರ್ವಿಸ್ ಸೆಂಟರಿನಲ್ಲಿ ಹೊಸದಾಗಿ ಬಣ್ಣ ಹೊಡೆಸಲು ಐದಾರು ಸಾವಿರ ರೂಪಾಯಿ ಆಗುತ್ತದೆ. ಉಳಿದೆಲ್ಲ ಭಾಗಗಳಿಗೆ ಹಾಳೆ ಹಾಕಿಸಲು ಬೇಕಾಗುತ್ತಿದ್ದ 54,000 ರೂಪಾಯಿಯಲ್ಲಿ, ಕಲ್ಲೇ ತಾಗದ ನಾಲ್ಕೂ ಬಾಗಿಲುಗಳಿಗೆ ಎರಡೆರಡು ಸಲ ಬಣ್ಣ ಹೊಡೆಸಬಹುದು. ಇದಕ್ಕೆ ಎದುರಾಗಿ ಹೇಳಬಹುದಾದ ಒಂದು ಮಾತೂ ಇದೆ. ಕಾರ್ಖಾನೆಯ ಬಣ್ಣ ಸುಮಾರು 140 ಡಿಗ್ರಿ ಉಷ್ಣದಲ್ಲಿ ಬೆಂದು ಗಟ್ಟಿಯಾದದ್ದು. ಗ್ಯಾರೇಜಿನಲ್ಲಿ ಹೊಡೆಯುವ ಬಣ್ಣವನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತಾರೆ, ಬ್ಯಾಟರಿ ಇರುವ ಕಾರನ್ನಂತೂ ಅದಕ್ಕಿಂತ ಹೆಚ್ಚಿನ ಉಷ್ಣದಲ್ಲಿ ಬಹಳ ಹೊತ್ತು ಇಡುವಂತಿಲ್ಲ. ಆದ್ದರಿಂದ ಮೂಲ ಬಣ್ಣವೇ ಉಳಿಯಬೇಕು ಎನ್ನುವವರ ವಾದದಲ್ಲಿ ತಿರುಳಿದೆ. ಆ ವಾದ ಬಾನೆಟ್ಟಿಗೆ ಸಲ್ಲುತ್ತದೆ, ಬಾಗಿಲಿಗೆ ಅಷ್ಟಾಗಿ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಕುವ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದೆ. ತೊಳೆದು, ಕ್ಲೇ ಎಂಬ ಮೆತ್ತನೆಯ ಜೇಡಿಯಂಥ ಉಂಡೆ ಉಜ್ಜಿ, ಬಣ್ಣಕ್ಕೆ ಅಂಟಿದ ಕಣಗಳನ್ನೆಲ್ಲ ತೆಗೆದ ಮೇಲೆ ಬೇಬಿ ಶಾಂಪೂ ಬೆರೆಸಿದ ನೀರು ಸಿಂಪಡಿಸಿ ಹಾಳೆಯನ್ನು ಹಾಸುತ್ತಾರೆ. ಆ ನೀರಿನ ಮೇಲೆ ಹಾಳೆ ಜಾರುವುದರಿಂದ ಸರಿಯಾದ ಜಾಗಕ್ಕೆ ಕೂರಿಸಲು ಸಮಯ ಸಿಗುತ್ತದೆ. ನಂತರ ರಬ್ಬರಿನ ಸ್ಕ್ವೀಜಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಹೊರಹಾಕುತ್ತಾರೆ. ಬಂಪರಿನ ತಿರುವುಗಳಲ್ಲಿ ಬಿಸಿಗಾಳಿ ಹಾಯಿಸಿ ಎಳೆಯುವಾಗ ಕೆಲಸಗಾರನ ಕೈಚಳಕ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಮೊದಲೇ ಅಳತೆಗೆ ಕತ್ತರಿಸಿದ ಹಾಳೆಯನ್ನು ಬಳಸುತ್ತಾರೆಯೇ, ಕಾರಿನ ಮೇಲೆಯೇ ಬ್ಲೇಡು ಆಡಿಸುತ್ತಾರೆಯೇ ಎಂದು ಕೇಳಿಕೊಳ್ಳುವುದು ಅಗತ್ಯ. ಬ್ಲೇಡಿನ ಗೀರು ಹಾಳೆಯ ಕೆಳಗೆ ಉಳಿದರೆ ಹಾಳೆ ತೆಗೆಯುವವರೆಗೂ ಗೊತ್ತಾಗುವುದಿಲ್ಲ. ರೋಲಿನ ಪೆಟ್ಟಿಗೆಯನ್ನು ನನ್ನೆದುರೇ ತೆರೆಸಿ, ಅದರ ಮೇಲಿನ ಸಂಖ್ಯೆಯೂ ವಾರಂಟಿ ಕಾರ್ಡಿನ ಸಂಖ್ಯೆಯೂ ಒಂದೇ ಎಂದು ನೋಡಿಕೊಂಡೆ. ಟಿಪಿಯು ಹೆಸರಿನಲ್ಲಿ ಪಿವಿಸಿ ಎಂಬ ಬೇರೆ ಪ್ಲಾಸ್ಟಿಕ್ಕಿನ ಹಾಳೆ ಹಾಕುವವರು ಇದ್ದಾರೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಪಿವಿಸಿ ಬೇಗ ಹಳದಿಯಾಗಿ ಬಿರುಸಾಗುತ್ತದೆ.

ಈಗಿನ ಸ್ಥಿತಿ ಹೀಗಿದೆ. ಬಂಪರಿನ ಹಾಳೆಯಲ್ಲಿ ಸಣ್ಣ ಹೊಂಡಗಳು ಹಲವು ಆಗಿವೆ, ಒಂದು ಕಡೆ ಕಲ್ಲು ಹಾಳೆಯನ್ನು ಸೀಳಿದೆ, ಆದರೆ ಅಲ್ಲಿಯೂ ಕೆಳಗಿನ ಬಣ್ಣ ಹಾರಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಕೇಬಲ್ ತಾಗಿದ ತೆಳು ಗೀರುಗಳು ಬಿಸಿಲಿಗೆ ನಿಂತ ಕೆಲ ಹೊತ್ತಿನಲ್ಲಿಯೇ ಮಾಯವಾಗುತ್ತವೆ. ಹಾಳೆಯ ಮೇಲ್ಪದರ ಬಿಸಿಯಾದಾಗ ತನ್ನಷ್ಟಕ್ಕೆ ಸಮನಾಗುವ ಈ ಗುಣಕ್ಕೆ ಬೇರೆ ಊರಿನವರು ಬಿಸಿನೀರು ಸುರಿಯುತ್ತಾರಂತೆ; ವಿಜಯಪುರದಲ್ಲಿ ಮಧ್ಯಾಹ್ನವೇ ಸಾಕು. ಆಳವಾಗಿ ಸೀಳಿದ ಗೀರು ಮಾತ್ರ ಯಾವ ಬಿಸಿಲಿಗೂ ಕೂಡುವುದಿಲ್ಲ. ಹೆಡ್‌ಲೈಟುಗಳು ಹೊಸದರಂತೆ ತಿಳಿಯಾಗಿವೆ.

ತೃಪ್ತಿ ತರದ ಸಂಗತಿಗಳೂ ಇವೆ. ಬಂಪರಿನ ಎಡ ಮೂಲೆಯಲ್ಲಿ, ಹೆಚ್ಚು ಎಳೆದು ಕೂರಿಸಿದ ಕಡೆ, ಮೊದಲ ಬೇಸಿಗೆಯಲ್ಲಿಯೇ ಅಂಚು ಎದ್ದಿತು. ಅಂಗಡಿಯವರು ಮೊದಲು ಪ್ರೆಶರ್ ವಾಷಿನ ಮೇಲೆ ದೋಷ ಹೊರಿಸಿದರೂ ಕೊನೆಗೆ ಹಣ ಕೇಳದೆ ಆ ತುಂಡನ್ನು ಬದಲಾಯಿಸಿಕೊಟ್ಟರು. ಬೋರಿನ ಸವಳು ನೀರಿನಲ್ಲಿ ತೊಳೆದು ಹಾಗೆಯೇ ಒಣಗಲು ಬಿಟ್ಟರೆ ಬಿಳಿ ಕಲೆಗಳು ಬಣ್ಣಕ್ಕಿಂತ ಹಾಳೆಯ ಮೇಲೆ ಬೇಗ ಕೂರುತ್ತವೆ, ಒರೆಸಿದರೂ ಸುಲಭಕ್ಕೆ ಹೋಗುವುದಿಲ್ಲ. ಇನ್ನೊಂದು ಆಯುಧ ಪೂಜೆಯದು. ಬಾನೆಟ್ಟಿನ ಮೇಲೆ ನೀರಿನಲ್ಲಿ ಕಲಸಿ ಇಟ್ಟ ಅರಿಶಿನ ಕುಂಕುಮವನ್ನು ಎರಡು ದಿನ ಬಿಟ್ಟೆವು. ಅರಿಶಿನದ ಕಲೆ ಕೆಲವು ವಾರಗಳ ಬಿಸಿಲಿಗೆ ಬಿಳಚಿಕೊಂಡು ಹೋಯಿತು, ಕುಂಕುಮದ ಮಸುಕು ಗುಲಾಬಿ ವೃತ್ತ ಇಂದಿಗೂ ಓರೆಯಾಗಿ ನೋಡಿದರೆ ಕಾಣುತ್ತದೆ. ಅಂದಿನಿಂದ ಕುಂಕುಮವನ್ನು ಮುಂಗಾಜಿಗೆ ಇಡುತ್ತಿದ್ದೇವೆ. ಮನೆಯ ಹಿರಿಯರು ಇದಕ್ಕೆ ಒಪ್ಪಿದ್ದು ಹಾಳೆಯ ಬೆಲೆ ಕೇಳಿದ ಮೇಲೆ.

ಹಾಳೆ ಇಲ್ಲದ ಬಾಗಿಲುಗಳಲ್ಲಿ ಹತ್ತಿರದಿಂದ ನೋಡಿದರೆ ಸುರುಳಿ ಗೆರೆಗಳಿವೆ. ಪಾಲಿಶ್ ಮಾಡಿದರೆ ಹೋಗುವಷ್ಟೇ ಇವೆ. ಧೂಳಿದ್ದಾಗ ಒಣ ಬಟ್ಟೆ ಮುಟ್ಟಿಸಬಾರದು, ಮೊದಲು ನೀರು ಬಿಡಬೇಕು ಎಂಬ ಒಂದೇ ನಿಯಮವನ್ನು ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದ್ದೇವೆ. ಕಾರು ತೊಳೆಯುವುದನ್ನು ಬೇರೆಯವರಿಗೆ ಬಿಟ್ಟವರು, ದಿನವಿಡೀ ಬಯಲಿನಲ್ಲಿ, ಬೇವಿನ ಮರದ ಕೆಳಗೆ ಹಕ್ಕಿಗಳ ಹಿಕ್ಕೆಗೆ ಕಾರು ಒಡ್ಡುವವರು, ಕಪ್ಪು ಅಥವಾ ಕಡುನೀಲಿ ಬಣ್ಣ ಆಯ್ದವರು ಮತ್ತು ಎಂಟು ಹತ್ತು ವರ್ಷ ಅದೇ ಕಾರನ್ನು ಇಟ್ಟುಕೊಳ್ಳುವವರು ಪೂರ್ತಿ ಹಾಕಿಸಿದರೆ ನಾನು ತಪ್ಪೆನ್ನಲಾರೆ. ಮೂರು ನಾಲ್ಕು ವರ್ಷಕ್ಕೆ ಮಾರುವ ಯೋಚನೆ ಇದ್ದವರಿಗೆ ಆ ಹಣ ಮರಳುವುದಿಲ್ಲ. ಹಳೆಯ ಕಾರು ಕೊಳ್ಳುವವರು ಇವಿಯಲ್ಲಿ ಮೊದಲು ಕೇಳುವುದು ಬ್ಯಾಟರಿಯ ಆರೋಗ್ಯವನ್ನು, ಬಣ್ಣವನ್ನಲ್ಲ.

ಹಣ ಕೊಡುವ ಮುನ್ನ ಎರಡು ವಿಷಯ ತಿಳಿದಿರಬೇಕು. ವಾರಂಟಿ ಸಾಮಾನ್ಯವಾಗಿ ಹಳದಿಯಾಗುವುದು, ಬಿರುಕು ಬಿಡುವುದು, ಗುಳ್ಳೆ ಏಳುವುದು ಇಂಥ ದೋಷಗಳಿಗೆ ಮಾತ್ರ. ಕಲ್ಲು ಸೀಳಿದ ಹಾಳೆಗೆ ಅಲ್ಲ. ವಿಮೆಯಲ್ಲಿ ಹಾಳೆಯನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ, ಅಪಘಾತದಲ್ಲಿ ಬಂಪರ್ ಬದಲಾದಾಗ ಹೊಸ ಬಂಪರಿನ ಹಾಳೆಯ ಖರ್ಚು ಸಾಮಾನ್ಯವಾಗಿ ನಮ್ಮದೇ. ಹಾಗೆಯೇ ಒಮ್ಮೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ ಭಾಗಕ್ಕೆ ಹಾಳೆ ಹಾಕಿಸುವವರು ಎಚ್ಚರಿಕೆಯಿಂದಿರಬೇಕು; ತೆಗೆಯುವಾಗ ಅದರ ಜೊತೆ ಬಣ್ಣವೂ ಎದ್ದು ಬರಬಹುದು.

ನನ್ನ ಕಾರಿನ ಛಾವಣಿಯ ಮುಂದಿನ ಅಂಚಿನಲ್ಲಿ ಮತ್ತು ಮುಂಗಾಜಿನ ಎರಡು ಬದಿಯ ಕಂಬಗಳಲ್ಲಿ ಈಗ ಮೂರು ಕಲ್ಲೇಟಿನ ಚುಕ್ಕೆಗಳು ಬಿದ್ದಿವೆ. ಟಚ್‌ಅಪ್ ಬಣ್ಣ ಮುಟ್ಟಿಸಿದ್ದೇನೆ. ಆ ಜಾಗಗಳಿಗೆ ಪಟ್ಟಿ ಹಾಕಿಸಲು 3,500 ರೂಪಾಯಿ ಹೇಳಿದ್ದಾರೆ. ಸಕ್ಕರೆ ಕಾರ್ಖಾನೆಗಳು ಮತ್ತೆ ಶುರುವಾಗುವ ಮುನ್ನ ಅಷ್ಟನ್ನು ಹಾಕಿಸುವವನಿದ್ದೇನೆ. ಬಾಗಿಲುಗಳಿಗೆ ಹಾಕಿಸುವ ಯೋಚನೆ ಈಗಲೂ ಇಲ್ಲ.