ಫ್ರಿಜ್ ಬೆನ್ನಿಗೆ ಫ್ಯಾನ್ ಕಿಟ್: ತಗೊಳ್ಳಿ, ಆದ್ರೆ ಮೊದಲು ತಗಡು

ಕ್ಯಾಂಪರ್ ವ್ಯಾನಿನ ಫ್ರಿಜ್ ಹಿಂದೆ ನಾವೇ ಕೂರಿಸಿಕೊಳ್ಳುವ 12 ವೋಲ್ಟ್ ಫ್ಯಾನ್ ಕಿಟ್‌ಗೆ ಐದಕ್ಕೆ ಮೂರು ಸ್ಟಾರ್. ಕಿಟ್ ಕೆಟ್ಟದ್ದೇನಲ್ಲ. ಅದೊಂದನ್ನೇ ಹಾಕಿದರೆ ಫ್ರಿಜ್ ಸರಿಹೋಗುತ್ತೆ ಅಂದುಕೊಂಡರೆ ಮಾತ್ರ ದುಡ್ಡು ದಂಡ.

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಮಂಚ, ಒಲೆ, ಸಿಂಕ್ ಎಲ್ಲಾ ದಾವಣಗೆರೆಯಲ್ಲೇ ಕೂರಿಸಿದ್ದು. ಫ್ರಿಜ್ ಸೆಕೆಂಡ್ ಹ್ಯಾಂಡ್. ಗ್ಯಾಸ್, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ಓಡುತ್ತೆ. ಇದರಲ್ಲಿ ಕಂಪ್ರೆಸರ್ ಇಲ್ಲ. ಕೆಳಗೆ ಬಿಸಿ ಕೊಟ್ಟರೆ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತೆ. ಮೇಲಿರುವ ರೆಕ್ಕೆಗಳಲ್ಲಿ ಬಿಸಿ ಕಳೆದುಕೊಂಡು ಮತ್ತೆ ದ್ರವವಾಗುತ್ತೆ. ಆ ರೆಕ್ಕೆಗಳಿಗೆ ಗಾಳಿ ತಾಗಲಿಲ್ಲವೋ, ಫ್ರಿಜ್ ಬರೀ ಕಪಾಟು. ಅದಕ್ಕೇ ವ್ಯಾನಿನ ಗೋಡೆಗೆ ಕೆಳಗೊಂದು ಮೇಲೊಂದು ಜಾಲರಿ ಕಿಂಡಿ.

ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಏಪ್ರಿಲ್‌ನಲ್ಲಿ ವಾಣಿವಿಲಾಸ ಸಾಗರದ ಕಡೆ ಹೋದಾಗ ಬಣ್ಣ ಬಯಲಾಯಿತು. ಹೊರಗೆ 38 ಡಿಗ್ರಿ, ಫ್ರಿಜ್ ಒಳಗೆ 18. ದೋಸೆ ಹಿಟ್ಟು ಹುಳಿ ಬಂದು, ಡಬ್ಬಿಯ ಮುಚ್ಚಳ ಎತ್ತಿ, ಪಕ್ಕದಲ್ಲಿದ್ದ ಬೆಣ್ಣೆ ಪೊಟ್ಟಣದ ಮೇಲೆಲ್ಲಾ ಇಳಿದಿತ್ತು. ನಮ್ಮೂರಿನವರಿಗೆ ಇದಕ್ಕಿಂತ ಅವಮಾನ ಬೇಕಾ?

ವಾಪಸ್ ಬಂದು ಆನ್‌ಲೈನ್‌ನಲ್ಲಿ ಕಿಟ್ ತರಿಸಿದೆ. 120 ಮಿಲಿಮೀಟರಿನ ಎರಡು ಫ್ಯಾನು, ಕಂಪ್ಯೂಟರ್ ಒಳಗೆ ತಿರುಗುತ್ತವಲ್ಲ ಅಂಥವೇ. ಜೊತೆಗೆ ಒಂದು ಟೆಂಪರೇಚರ್ ಸ್ವಿಚ್ಚು, ಸೆನ್ಸರ್ ವೈರು, ಎರಡು ಪಟ್ಟಿ. ಮೇಲಿನ ಜಾಲರಿ ಹಿಂದೆ ಗಾಳಿ ಹೊರಗೆ ತಳ್ಳುವ ಹಾಗೆ ಕೂರಿಸಿದೆ. ಕೂರಿಸೋದು ಸಲೀಸು. ಕೆಳಗಡೆ ಮಾತ್ರ ಹಾಕಬೇಡಿ, ಗ್ಯಾಸಿನ ಉರಿ ಆರಿಹೋಗಬಹುದು. ಫಲ? 18 ಇದ್ದದ್ದು 15ಕ್ಕೆ ಬಂತು. ಅಷ್ಟೇ.

ಆಮೇಲೆ ಪರಿಚಯದ ತಗಡಿನ ಕೆಲಸದವರೊಬ್ಬರನ್ನು ಕರೆತಂದೆ. ಅವರು ಮೊದಲು ಗ್ಯಾಸ್ ಸಿಲಿಂಡರನ್ನೇ ಕೆಳಗಿಳಿಸಿ ದೂರ ಇಡಿಸಿದರು. ಜಾಲರಿ ಬಿಚ್ಚಿ, ಫ್ಯಾನ್ ಓಡಿಸಿ, ಕೆಳಗಿನ ಕಿಂಡಿ ಹತ್ತಿರ ಊದುಬತ್ತಿ ಹಿಡಿದರು. ಹೊಗೆ ಒಳಗೆ ಹೋಯಿತು. ಆದರೆ ರೆಕ್ಕೆಗಳ ಕಡೆ ತಿರುಗಿಯೂ ನೋಡದೆ, ವ್ಯಾನಿನ ಗೋಡೆ ಸವರಿಕೊಂಡು ನೆಟ್ಟಗೆ ಮೇಲಿನ ಕಿಂಡಿಯಿಂದ ಹೊರಬಿತ್ತು.

"ಗಾಳಿ ಸೋಮಾರಿ ಸಾರ್. ಪಕ್ಕದಲ್ಲಿ ಖಾಲಿ ಜಾಗ ಇಟ್ಕೊಂಡು ರೆಕ್ಕೆಯೊಳಗೆ ನುಗ್ಗು ಅಂದ್ರೆ ಯಾಕ್ ನುಗ್ಗುತ್ತೆ?" ಅಂದರು.

ಫ್ರಿಜ್ ಕೂರಿಸಿದ ಶೆಡ್‌ನವರು ಹಿಂದೆ ಅರ್ಧ ಗೇಣು ಜಾಗ ಬಿಟ್ಟಿದ್ದರು, ಗಾಳಿ ಚೆನ್ನಾಗಿ ಆಡಲಿ ಅಂತ. ಮನೆ ಫ್ರಿಜ್‌ಗೆ ಹೇಳೋ ಮಾತದು. ಇಲ್ಲಿ ಉಲ್ಟಾ. ರೆಕ್ಕೆಗೂ ಗೋಡೆಗೂ ನಡುವೆ ಒಂದು ಇಂಚಿಗಿಂತ ಕಡಿಮೆ ಇರಬೇಕು, ಆಗಲೇ ಗಾಳಿ ರೆಕ್ಕೆಗಳ ಸಂದಿಯಲ್ಲಿ ಹಾದು ಹೋಗೋದು.

ಅವರು ಅಲ್ಯೂಮಿನಿಯಂ ಶೀಟ್ ಬಗ್ಗಿಸಿ, ಗೋಡೆ ಕಡೆಯಿಂದ ರೆಕ್ಕೆಗಳತ್ತ ಓರೆಯಾಗಿ ರಿವೆಟ್ ಹೊಡೆದರು. ರೆಕ್ಕೆಗಳ ನೆತ್ತಿಯಿಂದ ಮೇಲಿನ ಕಿಂಡಿಯ ಅಂಚಿನವರೆಗೆ ಇನ್ನೊಂದು ಶೀಟು, ಬಿಸಿಗಾಳಿ ಮೇಲೆ ಗುಂಪುಗಟ್ಟಿ ನಿಲ್ಲದ ಹಾಗೆ. ಅಕ್ಕಪಕ್ಕದ ಸಂದಿಗಳನ್ನೂ ಮುಚ್ಚಿದರು. ಇದನ್ನು ಮಾತ್ರ ಸುಮ್ನೆ ಬಿಡಬೇಡಿ. ಗ್ಯಾಸ್ ಉರಿದ ಹೊಗೆ ಮಲಗುವ ಜಾಗಕ್ಕೆ ನುಸುಳಬಾರದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ವಾಸನೆ ಇಲ್ಲದ ವಿಷ. ಹೊಗೆ ಕೊಳವೆ ಹತ್ತಿರ ಥರ್ಮೋಕೋಲ್, ಫೋಮ್ ತುರುಕುವ ಐಡಿಯಾನೂ ಬೇಡ.

ತಗಡು ಕೂತ ಮೇಲೆ ಅದೇ ಬಿಸಿಲು, ಅದೇ ಫ್ಯಾನು, ಒಳಗೆ 8 ಡಿಗ್ರಿ. ಫ್ಯಾನ್ ಆಫ್ ಮಾಡಿ ನೋಡಿದೆ, 11ಕ್ಕೆ ಏರಿತು. ಅಂದ್ರೆ ಜಾಸ್ತಿ ಕೆಲಸ ತಗಡಿನದ್ದೇ ಅಲ್ವಾ?

ಇನ್ನು ಕಿಟ್‌ನ ತಕರಾರುಗಳು. ಸ್ವಿಚ್ಚು ಫ್ರಿಜ್ ಹಿಂದೆ 50 ಡಿಗ್ರಿ ಬಿಸಿಯಾದ ಮೇಲಷ್ಟೇ ಫ್ಯಾನ್ ಆನ್ ಮಾಡುವ ಹಾಗೆ ಸೆಟ್ ಆಗಿ ಬಂದಿತ್ತು, ಅಷ್ಟು ಹೊತ್ತಿಗೆ ಫ್ರಿಜ್ ಸೋತಿರುತ್ತೆ. 40ಕ್ಕೆ ಇಳಿಸಿಕೊಳ್ಳಿ. ಒಂದು ಫ್ಯಾನು ಮಲಗಿದಾಗ ಕಿವಿಗೆ ಗುಂಯ್ ಅನ್ನುತ್ತೆ, ಹೆಂಡತಿ ದಿಂಬು ಹಿಡಿದು ಮುಂದಿನ ಸೀಟಿಗೆ ಹೋದಳು. ಬದಲಿಸುವಾಗ ಬಾಲ್ ಬೇರಿಂಗ್ ಇರುವುದನ್ನೇ ಕೇಳಿ. ಮೆಚ್ಚಬೇಕಾದದ್ದು ಅಂದರೆ ಕರೆಂಟ್ ತಿನ್ನೋದು ತೀರಾ ಕಡಿಮೆ, ರಾತ್ರಿಯಿಡೀ ಓಡಿದರೂ ಬ್ಯಾಟರಿಗೆ ಲೆಕ್ಕಕ್ಕಿಲ್ಲ. (ಫ್ರಿಜ್ಜನ್ನೇ 12 ವೋಲ್ಟ್‌ನಲ್ಲಿ ಬಿಟ್ಟು ಇಂಜಿನ್ ನಿಲ್ಲಿಸಿದರೆ ಮಾತ್ರ ಬೆಳಗ್ಗೆ ವ್ಯಾನ್ ತಳ್ಳಬೇಕಾಗುತ್ತೆ.)

ಫ್ಯೂಸ್ ಕೊಟ್ಟೇ ಇಲ್ಲ, ಅದಕ್ಕೇ ಅರ್ಧ ಸ್ಟಾರ್ ಕಟ್. ಪಿ.ಬಿ. ರೋಡಿನ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಹೋಲ್ಡರ್ ಸಮೇತ ಸಿಗುತ್ತೆ. 2 ಆಂಪ್ ಸಾಕು, ಬ್ಯಾಟರಿ ಹತ್ತಿರವೇ ಹಾಕಿಸಿ.