ಹಳೇ ಹುಬ್ಬಳ್ಳಿಯ ಗಾದಿ ಅಂಗಡಿ, ಮತ್ತೆ ಬೋರ್ಡಿನ ಮೇಲಿನ ‘ನದಾಫ್’

ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದು ಯಾಕೆ ಕೊಡಲಿಲ್ಲ ಅಂತ ಕೆಳಗೆ ಬರೆದಿದ್ದೇನೆ, ಗಾದಿ ಮಾಡಿಸುವವರು ಅದನ್ನು ಓದದೆ ಹೋಗಬೇಡಿ.

ನಮ್ಮ ಮನೆಯ ಹತ್ತಿ ಗಾದಿಗಳು ಗಂಟುಗಟ್ಟಿ, ನಡುವೆ ತಗ್ಗು ಬಿದ್ದು, ಮಲಗಿದರೆ ಬೆನ್ನು ಹಿಡಿದುಕೊಳ್ಳುವ ಸ್ಥಿತಿಗೆ ಬಂದಿದ್ದವು. ಎಸೆದು ಫೋಮ್ ಗಾದಿ ತರೋಣ ಅಂದರೆ ಅಮ್ಮ ಬಿಡಲಿಲ್ಲ. ಹತ್ತಿ ಒಳ್ಳೆಯದೇ ಇದೆ, ಹಿಂಜಿಸಿಕೊಂಡು ಬಾ ಅಂದರು. ಹಾಗೆ ಹೋಗಿದ್ದು ಈ ಅಂಗಡಿಗೆ. ಬೋರ್ಡಿನಲ್ಲಿ ನದಾಫ್ ಅಂತ ಇದೆ, ಮಾಲೀಕರ ಅಡ್ಡಹೆಸರು. ಅಂಗಡಿಯ ಪೂರ್ತಿ ಹೆಸರು ಬೇಡ, ದೂರು ಕೂಡ ಇದೆಯಲ್ಲ.

ಕೆಲಸ ಮಾತ್ರ ಅಚ್ಚುಕಟ್ಟು. ಗವಸು ಬಿಚ್ಚಿ, ಹಳೆ ಹತ್ತಿಯನ್ನು ನನ್ನೆದುರೇ ತೂಕಕ್ಕೆ ಹಾಕಿದರು. ಆಮೇಲೆ ಹಿಂಜುವ ಮಷಿನ್. ಒಂದು ಕಡೆಯಿಂದ ಗಂಟು ಗಂಟು ಹತ್ತಿ ತುರುಕಿದರೆ ಇನ್ನೊಂದು ಕಡೆ ಉಬ್ಬಿ ಉಬ್ಬಿ ಬರುತ್ತದೆ, ಜೊತೆಗೆ ಧೂಳೂ ಅಷ್ಟೇ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ನಿಲ್ಲೋಕೆ ಆಗಲ್ಲ. ಹೊಸ ಗವಸಿನಲ್ಲಿ ಹತ್ತಿ ತುಂಬಿ, ಕೋಲಿನಿಂದ ಬಡಿದು ಬಡಿದು ಸಮ ಮಾಡಿ, ದಬ್ಬಣ ಹಿಡಿದು ಹೊಲಿಗೆ ಹಾಕೋಕೆ ಕೂತರು. ಮಾಲೀಕರು ಹಾಕುವಾಗ ಅಳತೆಪಟ್ಟಿ ಇಲ್ಲ, ಗುರುತು ಇಲ್ಲ. ಒಂದು ಗೇಣು, ಇನ್ನೊಂದು ಗೇಣು, ಅಷ್ಟೇ. ಸಾಲು ಮಾತ್ರ ಗೆರೆ ಎಳೆದಷ್ಟು ನೇರ.

ಗೋಡೆಯ ಮೇಲೆ ಆಳುದ್ದದ ಒಂದು ಮರದ ಬಿಲ್ಲು ತೂಗುಹಾಕಿದ್ದರು. ಹಿಂದೆ ಹಿಂಜುತ್ತಿದ್ದುದು ಅದರಲ್ಲೇ. ಹೆದೆಗೆ ಪ್ರಾಣಿಯ ನರ ಬಿಗಿದು, ಎರಡೂ ತುದಿ ದಪ್ಪಗಿರುವ ಮರದ ಗುಂಡಿನಿಂದ ಹೆದೆಗೆ ಹೊಡೆದರೆ ಅದು ಟಂಯ್ ಅಂತ ಅದುರುತ್ತದೆ, ಆ ಅದುರಿಗೆ ಹತ್ತಿ ಬಿಡಿಸಿಕೊಳ್ಳುತ್ತದೆ. ಇದನ್ನು ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗುತ್ತಿದ್ದವರೇ ಪಿಂಜಾರರು. ನದಾಫ್ ಅಂದರೂ ಅವರೇ. ಅರಬ್ಬಿಯಲ್ಲಿ ಹತ್ತಿ ಹಿಂಜುವವನಿಗೆ ನದ್ದಾಫ್ ಅನ್ನುತ್ತಾರೆ, ಅದೇ ನಮ್ಮ ಕಡೆ ಅಡ್ಡಹೆಸರಾಗಿ ಕೂತಿದೆ. ಅತ್ತಾರ, ಬಾಗವಾನ, ಮಣಿಯಾರ, ತಾಂಬೋಳಿ ಎಲ್ಲ ಹೀಗೇ ಕಸುಬಿನಿಂದ ಬಂದ ಹೆಸರುಗಳು: ಅತ್ತರು, ಹಣ್ಣು, ಬಳೆ, ಎಲೆಅಡಿಕೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ ಕೇಳಿದ ಹೆಸರೇ. ಬೆಂಗಳೂರಿನ ಆಫೀಸಿನಲ್ಲಿ ಹೇಳಿದರೆ ಸ್ಪೆಲ್ಲಿಂಗ್ ಹೇಳಿ ಅಂತಾರೆ.

ಒಂದೇ ಕಸುಬು, ಊರಿಗೊಂದು ಹೆಸರು. ಬಳ್ಳಾರಿ, ಚಿತ್ರದುರ್ಗದ ಕಡೆ ಪಿಂಜಾರ, ಅಲ್ಲಿ ಮನೆಮಾತು ಕನ್ನಡವೋ ತೆಲುಗೋ ಆಗಿರುವವರು ಬಹಳ. ಆಂಧ್ರಕ್ಕೆ ಹೋದರೆ ದೂದೇಕುಲ. ಕಾಲಜ್ಞಾನ ಹೇಳಿದ ಸಂತ ವೀರಬ್ರಹ್ಮಯ್ಯನವರ ಶಿಷ್ಯ ಸಿದ್ದಯ್ಯ ದೂದೇಕುಲದವನೇ. ಉತ್ತರದಲ್ಲಿ ಧುನಿಯಾ. ರಾಜಸ್ಥಾನದ ಸಂತ ದಾದೂ ದಯಾಳರನ್ನೂ (1544–1603) ಹತ್ತಿ ಹಿಂಜುವವರು ಅಂತಲೇ ಹೇಳಿಕೊಂಡು ಬಂದಿದ್ದಾರೆ. ಇನ್ನು ಮನ್ಸೂರಿ ಅಂತ ಅಡ್ಡಹೆಸರು ಇಟ್ಟುಕೊಂಡವರು ನೇರ ಬಾಗ್ದಾದಿಗೇ ಕೊಂಡಿ ಹಾಕುತ್ತಾರೆ, 922ರಲ್ಲಿ ಅಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್ ಹಲ್ಲಾಜ್‌ಗೆ. ಹಲ್ಲಾಜ್ ಅನ್ನೋದೂ ಹತ್ತಿ ಕೆಲಸದವನ ಹೆಸರೇ. (ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಧಾರವಾಡದ ಪಕ್ಕದ ಊರು.)

ಇಷ್ಟು ಕೈ ಬೇಕಾದ ಕೆಲಸಕ್ಕೆ ಮರ್ಯಾದೆ ಮಾತ್ರ ಕಡಿಮೆ ಸಿಕ್ಕಿತು ಅಂತ ನನ್ನ ಅನಿಸಿಕೆ. ನೂಲುವವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಹತ್ತಿ ಹಿಂಜಿ, ನೂಲೋಕೆ ಬೇಕಾದ ಸುರುಳಿ, ಅಂದರೆ ಹಂಜಿ, ಮಾಡಿ ಕೊಡದಿದ್ದರೆ ಚರಕದ ಮುಂದೆ ಕೂತು ಏನು ನೂಲುತ್ತೀರಿ? ಗಾಂಧೀಜಿಗೆ ಖಾದಿ ಶುರು ಮಾಡುವಾಗ ಈ ಬಿಸಿ ಚೆನ್ನಾಗಿಯೇ ತಟ್ಟಿತ್ತು. ಖಾದಿ ಕೆಲಸದಲ್ಲಿ ಅವರ ಜೊತೆಗಿದ್ದ ಗಂಗಾಬೆನ್ ಹುಡುಕಿ ತಂದ ಪಿಂಜಾರ ತಿಂಗಳಿಗೆ 35 ರೂಪಾಯಿ ಕೇಳಿದ, ಗಾಂಧೀಜಿ ಚೌಕಾಸಿ ಮಾಡದೆ ಒಪ್ಪಿದರು.

ಈಗ ನದಾಫ್ ಅನ್ನುವ ಹೆಸರಿನವರಲ್ಲಿ ಗಾದಿ ಕೆಲಸ ಮಾಡುವವರು ಎಷ್ಟು ಜನ ಸಿಗ್ತಾರೆ? ಮೇಷ್ಟ್ರು, ಪೊಲೀಸ್, ವಕೀಲರು ಎಲ್ಲ ಆಗಿದ್ದಾರೆ. ಮಗ ಈ ಕೆಲಸಕ್ಕೆ ಬರ್ತಾನಾ ಅಂತ ಮಾಲೀಕರನ್ನು ಕೇಳಿದೆ. “ಎಲ್ಲಿದ್ರಿ ಅಣ್ಣಾರ, ಅಂವ ಪುಣೆದಾಗ ಗಾಡಿ ಹೊಡಿತಾನ. ಆಧಾರ್ ಕಾರ್ಡಿನ್ಯಾಗ ನದಾಫ್ ಅಂತ ಐತಿ, ಒಂದ್ ದಿಂಬು ತುಂಬಾಕ ಬರಂಗಿಲ್ಲ” ಅಂತ ನಕ್ಕರು. ನಗುತ್ತಲೇ ದಬ್ಬಣಕ್ಕೆ ದಾರ ಪೋಣಿಸಿದರು.

ಈಗ ದೂರು. ಹೇಳಿದ ದಿನಕ್ಕೆ ಕೊಡಲಿಲ್ಲ. ಫೋನ್ ಮಾಡಿದಾಗೆಲ್ಲ “ನಾಳಿ ಬರ್ರಿ” ಒಂದೇ ಉತ್ತರ, ಮನೆಮಂದಿ ಅಲ್ಲಿವರೆಗೆ ಚಾಪೆ ಮೇಲೆ. ಎರಡನೆಯ ಗಾದಿಯನ್ನು ಕೆಲಸದ ಹುಡುಗನ ಕೈಗೆ ಕೊಟ್ಟಿದ್ದರು, ಅದರ ಒಂದು ಮೂಲೆಯ ಹೊಲಿಗೆ ಆಗಲೇ ಸಡಿಲ. ತೋರಿಸಿದ ಮೇಲೆ ದುಡ್ಡು ಕೇಳದೆ ಸರಿ ಮಾಡಿಕೊಟ್ಟರು, ಆದರೂ ಇನ್ನೊಂದು ಸಲ ಆಟೋದಲ್ಲಿ ಗಾದಿ ಸಾಗಿಸಿದ್ದು ನಾನೇ ಅಲ್ವಾ? ಗವಸಿನ ಬಟ್ಟೆಯಲ್ಲೂ ಆಯ್ಕೆ ಜಾಸ್ತಿ ಇಲ್ಲ. ಅದೇ ಪಟ್ಟೆ ಪಟ್ಟೆ, ಬೇಡ ಅಂದರೆ ಹೂವಿನದು.

ದುಡ್ಡಿನ ಲೆಕ್ಕ ಹೀಗಿದೆ: ಹಿಂಜೋಕೆ ಕೆ.ಜಿ. ಲೆಕ್ಕ, ಬಟ್ಟೆ ಬೇರೆ, ಹೊಲಿಗೆ ಕೂಲಿ ಬೇರೆ. ಮೂರನ್ನೂ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಎಲ್ಲ ಸೇರಿದರೂ ಒಂದು ಸಾಧಾರಣ ಫೋಮ್ ಗಾದಿಯ ಅರ್ಧ ದುಡ್ಡು ಆಗಲಿಲ್ಲ. ಹಿಂಜುವಾಗ ಧೂಳು ಹೋಗಿ ತೂಕ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಜಗಳ ಬೇಡ. ಕಡಿಮೆ ಬಿದ್ದಷ್ಟು ಹೊಸ ಅರಳೆ ಸೇರಿಸುತ್ತಾರೆ, ಅದನ್ನು ಮಾತ್ರ ಎದುರಿಗೇ ತೂಗಿಸಿ. ತಲೆದಿಂಬಿಗೆ ಬೂರುಗದ ಹತ್ತಿ ಕೇಳಿ, ಮೆತ್ತಗಿರುತ್ತದೆ. ಮಳೆಗಾಲದಲ್ಲಿ ಹೋಗಬೇಡಿ, ಥಂಡಿ ಹಿಡಿದ ಹತ್ತಿ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲೇ ಕೊಡಿ, ಶುಕ್ರವಾರ ಮಧ್ಯಾಹ್ನ ಬಿಟ್ಟು. ಮತ್ತೆ ಹೊಲಿಗೆ ಮಾಲೀಕರೇ ಹಾಕಬೇಕು ಅಂತ ಬಾಯಿಬಿಟ್ಟು ಹೇಳಿ.